ಹಾರ ಬಿದ್ದ ಪೊಲೀಸ್

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಹಮಾಲರ ಓಣಿಯ ಹುಡುಗರನ್ನು, ಅವರು ಏನಾಗಬೇಕೆಂದಿದ್ದರೋ ಹಾಗೆಯೇ ಚಿತ್ರಿಸುವ ಹುಕಿ ನನಗೆ ಹತ್ತಿತ್ತು. ಚಿತ್ರಕಲೆ ಮಾಸ್ತರನಿಗೆ ಈ ಉಸಾಬರಿ ಯಾಕೆ ಎಂದು ಹೆಂಡತಿ ಕೇಳಿದ್ದಳು. ನಾನು ಎಂದು ಅವಳ ಮಾತು ಕೇಳಿದ್ದೇನೆ!

ಚೀಲ ಹೊರುವವನೊಬ್ಬನನ್ನು ಆಳೆತ್ತರದ ಪೊಲೀಸನಾಗಿ ಬರೆದೆ. ಶಾಲೆಯಲ್ಲಿ ಓಟಕ್ಕೆ ಅವನೇ ಮೊದಲು. ಪೊಲೀಸ್ ಭರ್ತಿಗೆ ಅವನ ವಯಸ್ಸಿಗೆ ಇದೇ ಕೊನೆಯ ಅವಕಾಶ, ಪ್ರದರ್ಶನದ ಹೊತ್ತಿಗೆ ಅರ್ಜಿಗೆ ಎರಡೇ ದಿನ ಉಳಿದಿತ್ತು. "ಹಾಕಂಗಿಲ್ರಿ, ಓಡೂದ ಮರತೇನಿ" ಎನ್ನುತ್ತಿದ್ದ.

ಹಾವೇರಿಯ ಸಭಾಭವನದಲ್ಲಿ ಪ್ರದರ್ಶನ ಇಟ್ಟೆವು. ಉದ್ಘಾಟಕರು ರಾಣೆಬೆನ್ನೂರಿನಲ್ಲೇ ಯಾರದೋ ಮದುವೆ ಊಟಕ್ಕೆ ಕೂತುಬಿಟ್ಟರು. ಅವರಿಗೆಂದು ತಂದ ಗುಲಾಬಿ ಹಾರ ಬಾಡುತ್ತದೆಂದು ಸಭಾಭವನದ ಕಾವಲುಗಾರ ಅದನ್ನು ಎಲ್ಲಕ್ಕಿಂತ ದೊಡ್ಡ ಚಿತ್ರಕ್ಕೆ, ಅಂದರೆ ಪೊಲೀಸನಿಗೆ, ಹಾಕಿದ. ಹಾರ ಇದ್ದ ಮೇಲೆ ಇರಲೆಂದು ಎರಡು ಊದಿನಕಡ್ಡಿಯನ್ನೂ ಹಚ್ಚಿದ.

ಪಕ್ಕದ ಅಗಡಿ ಊರಿನಿಂದ ಬಂದ ಹಿರಿಯರೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು.

"ಭಾಳ ಸಣ್ಣ ವಯಸ್ಸು. ಡ್ಯೂಟಿ ಮ್ಯಾಗ ಹೋದನೇನ್ರಿ?"

"ಇಲ್ರಿ, ಜೀವಂತ ಅದಾನ. ಚಾ ಕೊಡಾಕತ್ತಾನಲ್ಲ, ಅವನ" ಎಂದೆ.

ಸುಮ್ಮನೆ ನಿಲ್ಲಲಾರದೆ ಅವನು ಚಹಾದ ತಟ್ಟೆ ಹಿಡಿದಿದ್ದ. ಮೆಣಸಿನಕಾಯಿ ಘಾಟಿಗೆಂದು ಮೂಗಿಗೆ ಕಟ್ಟುವ ಟವೆಲ್ಲು ರೂಢಿಯಿಂದ ಇಲ್ಲಿಯೂ ಮುಖದ ಮೇಲಿತ್ತು. ಅವರು ಅವನನ್ನು ನೋಡಿ, ಚಿತ್ರ ನೋಡಿ, ನನ್ನ ಬೆನ್ನು ಸವರಿದರು.

"ದುಃಖದಾಗ ಹಂಗ ಅನಸ್ತೈತ್ರಿ."

ನಾನು ವಾದ ಮಾಡಿದಷ್ಟೂ ಜನ ನನ್ನನ್ನೇ ಸಮಾಧಾನ ಮಾಡತೊಡಗಿದರು. ಒಬ್ಬರು ನೀರು ಕುಡಿಸಿದರು. ಹುಡುಗ ಸತ್ತನೆಂಬ ಸುದ್ದಿ ಕೇಳಿ ಅವನ ಶಾಲೆಯ ಆಟದ ಮಾಸ್ತರರು ಓಡೋಡಿ ಬಂದರು, ಚಿತ್ರದ ಮುಂದೆ ಬಿಕ್ಕಿ ಬಿಕ್ಕಿ ಅತ್ತರು.

"ಇಂಥಾ ಓಟಗಾರ ಮತ್ತ ಸಿಗಲಿಲ್ರಿ. ನನ್ನ ಕಡೆ ಬಂದು ಒಂದ ಮಾತು ಕೇಳಿದ್ದರ ದಿನಾ ಮುಂಜಾನೆ ನಾನ ಓಡಸ್ತಿದ್ದೆ."

ಅವನು ತಟ್ಟೆ ಕೆಳಗಿಟ್ಟು ಟವೆಲ್ಲು ಬಿಚ್ಚಿದ.

"ನಾಳೆ ಬರಲೇನ್ರಿ ಸರ?"

ಮಾಸ್ತರರು ಹೌಹಾರಿದರು. ಗುರುತು ಸಿಕ್ಕಿತು, ಅಳು ನಿಂತಿತು. ಕೈಗಡಿಯಾರ ನೋಡಿಕೊಂಡರು.

"ನೋಡೂಣಪಾ. ನನಗೂ ಈಗ ಮೊಣಕಾಲ ಬ್ಯಾನಿ" ಎನ್ನುತ್ತ ಚಪ್ಪಲಿ ಹುಡುಕಿಕೊಂಡು ಹೊರಟರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. "ಅರ್ಜಿ ಹಾಕೋ ಮಾರಾಯ, ನಾ ಬರ್ತೇನಿ ನಿನ್ನ ಸಂಗಾಟ" ಎಂದೆ.

ಅವನು ಚಿತ್ರದ ಪೊಲೀಸನನ್ನು ಅಡಿಯಿಂದ ಮುಡಿಯತನಕ ನೋಡಿದ.

"ಅರ್ಜಿ ಅವನ ಹಾಕ್ಲಿ ಬಿಡ್ರಿ. ಅವಗ ಇಷ್ಟೊಂದು ಮಂದಿ ಅದಾರ."