ಗೆದ್ದವಳಿಗೆ ಸಿಕ್ಕ ಕಾರಣ

ನಾನು ಬಾಯಿಬಡುಕಿ. ಜಯನಗರದ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದಷ್ಟು ಕಾಲವೂ ಹೆಡ್‌ಮಾಸ್ಟರೇ ನನ್ನ ಬಾಯಿಗೆ ಹೆದರುತ್ತಿದ್ದರು. ಆ ಬಾಯಿ ಕಟ್ಟಿಹೋಗಿದ್ದು ಒಂದೇ ಸಲ.

ತೊಂಬತ್ತರ ದಶಕದ ಕೊನೆ. ಮಕ್ಕಳೆಲ್ಲ ಕಾನ್ವೆಂಟ್ ಕಡೆ ಹೋಗಿ ನಮ್ಮ ಬೆಂಚುಗಳು ಖಾಲಿಯಾಗಿದ್ದವು. ಒಬ್ಬ ಶಿಕ್ಷಕಿ ಹೆಚ್ಚಾಗಿದ್ದಾರೆ, ಉತ್ತರಹಳ್ಳಿಯಾಚೆಯ ಶಾಲೆಗೆ ಹೋಗಬೇಕು ಎಂದಿತು ಇಲಾಖೆ. ಇಲ್ಲಿ ಬಹಳ ವರ್ಷ ಬೇರುಬಿಟ್ಟವಳೆಂದು ನನ್ನನ್ನೇ ಆರಿಸಿತು. ನನಗೆ ಉಬ್ಬಸ, ಆ ಧೂಳಿನ ದಾರಿಯ ಬಸ್ಸು ನೆನೆದರೇ ಕೆಮ್ಮು ಬರುತ್ತಿತ್ತು.

ನಾನು ಹೋಗದಿದ್ದರೆ ಪಕ್ಕದ ಕ್ಲಾಸಿನ ಟೀಚರ್ ಹೋಗಬೇಕು. ನನಗಿಂತ ಚಿಕ್ಕವಳು, ಬಾಯ್ತುಂಬ ಅಕ್ಕ ಎನ್ನುತ್ತಿದ್ದಳು. ಅವಳ ಗಂಡ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ. ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಓಡಿಹೋಗಿ, ಊಟ ಮಾಡಿಸಿ, ಮಗ್ಗುಲು ತಿರುಗಿಸಿ ಬರುತ್ತಿದ್ದಳು. ಜನರ ಅಯ್ಯೋ ಪಾಪ ಬೇಡವೆಂದು, ಯಾರಿಗೂ ಹೇಳಬಾರದೆಂದು ಅವನು ಆಣೆ ಹಾಕಿಸಿಕೊಂಡಿದ್ದ. ಶಾಲೆಯಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ. ಅವಳು ತಡವಾದರೆ ಅವಳ ಕ್ಲಾಸನ್ನೂ ನಾನೇ ನೋಡಿಕೊಳ್ಳುತ್ತಿದ್ದೆ.

ನಾನು ಇಲಾಖೆಯನ್ನೂ ಅವಳನ್ನೂ ಎದುರುಪಕ್ಷ ಮಾಡಿ ಸರ್ಕಾರಿ ನೌಕರರ ನ್ಯಾಯಮಂಡಳಿಗೆ ಹೋದೆ.

"ಆ ಇನ್ನೊಬ್ರಿಗೆ ಮನೇಲಿ ಏನಾದ್ರೂ ಕಷ್ಟ ಇದ್ಯಾ ಮೇಡಂ?" ನನ್ನ ವಕೀಲರು ಕೇಳಿದರು.

"ಅಂಥದ್ದೇನಿಲ್ಲ ಸಾರ್," ಎಂದೆ. ಅದನ್ನೇ ಅಫಿಡವಿಟ್‌ನಲ್ಲಿ ಟೈಪ್ ಮಾಡಿಸಿದರು, ಸಹಿ ಹಾಕಿದೆ.

ಆದೇಶ ಬಂತು. "ವಾದ ಆಲಿಸಲಾಯಿತು. ಅರ್ಜಿ ಪುರಸ್ಕರಿಸಲಾಗಿದೆ." ಅಷ್ಟೇ. ಅಬ್ಬಾ, ಎಂಥ ನೆಮ್ಮದಿ! ಯಾಕೆ ಗೆದ್ದೆನೆಂದು ಎಲ್ಲೂ ಬರೆದಿರಲಿಲ್ಲವಲ್ಲ, ಉಬ್ಬಸಕ್ಕೇ ಗೆದ್ದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಫೋರ್ತ್ ಬ್ಲಾಕಿನಿಂದ ಮೈಸೂರುಪಾಕು ತಂದು ಸ್ಟಾಫ್‌ರೂಮಿನಲ್ಲಿ ಹಂಚಿದೆ, ನಾಚಿಕೆಗೆಟ್ಟವಳು. ಅವಳಿಗೂ ಕೊಟ್ಟೆ.

"ನಾನ್ಯಾಕೆ ಸೋತೆ ಅಂತೆ ಅಕ್ಕ?"

"ನಂಗೇನಮ್ಮ ಗೊತ್ತು? ಬರ್ದೋರನ್ನೇ ಹೋಗಿ ಕೇಳು."

ಕೇಳಿಯೇಬಿಟ್ಟಳು. ಹೊಸ ಶಾಲೆಗೆ ಸೇರಿಕೊಂಡು, ಹೈಕೋರ್ಟಿಗೆ ಹೋದಳು. ಈಗ ಬೆಳಿಗ್ಗೆ ಹೊರಟರೆ ಸಂಜೆಯೇ ಮನೆ ಸೇರುವುದು. ಅವಳ ಪಕ್ಕದ ಮನೆಯಾಕೆ ತರಕಾರಿ ಅಂಗಡಿಯಲ್ಲಿ ಸಿಕ್ಕಿ, "ಗಂಜಿ ಏನೋ ನಾನೇ ಕುಡಿಸ್ತೀನಿ, ತಿರುಗಿಸೋಕೆ ಆಗಲ್ಲ. ಬೆನ್ನೆಲ್ಲ ಹುಣ್ಣಾಗಿದೆ," ಎಂದರು. ನಾನು ಬೀನ್ಸ್ ಹೇಗೆ ಎಂದು ಅಂಗಡಿಯವನನ್ನು ಕೇಳಿದೆ.

ಹೈಕೋರ್ಟು ನ್ಯಾಯಮಂಡಳಿಯನ್ನು ತರಾಟೆಗೆ ತೆಗೆದುಕೊಂಡಿತು. ಯಾಕೆ ಸೋತೆವೆಂಬುದು ಸೋತವರಿಗೆ ತಿಳಿಯಬೇಕು, ಕಾರಣ ಕೊಡುವುದು ನಿಮ್ಮ ಕರ್ತವ್ಯ, ಮತ್ತೆ ವಿಚಾರಿಸಿ ಎಂದು ಕೇಸನ್ನು ವಾಪಸ್ ಕಳಿಸಿತು. ನ್ಯಾಯಮಂಡಳಿಯಲ್ಲಿ ಮತ್ತೆ ವಿಚಾರಣೆ ನಡೆಯಿತು. ಅವಳ ವಕೀಲರು ಈ ಸಲವೂ ಬಹಳ ವರ್ಷ ಇದ್ದವರೇ ಹೋಗಬೇಕೆಂದು ವಾದಿಸಿದರೇ ಹೊರತು ಗಂಡನ ಸುದ್ದಿ ಎತ್ತಲಿಲ್ಲ. ಅವಳು ಆಣೆ ಮುರಿದಿರಲಿಲ್ಲ. ನಾನು ಹಿಂದಿನ ಕುರ್ಚಿಯಲ್ಲಿ ಕೂತೇ ಇದ್ದೆ.

ಹೊಸ ಆದೇಶದಲ್ಲಿ ಎಲ್ಲ ಬಿಡಿಸಿ ಬರೆದಿತ್ತು. ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟ ಎಂಬುದೇ ಪ್ರಶ್ನೆ. ಅರ್ಜಿದಾರರಿಗೆ ಉಬ್ಬಸವಿದೆ. ಇನ್ನೊಬ್ಬ ಶಿಕ್ಷಕಿಗೆ ಮನೆಯಲ್ಲಿ ಯಾವ ತೊಂದರೆಯೂ ಇಲ್ಲವೆಂದು ಅರ್ಜಿದಾರರೇ ಪ್ರಮಾಣ ಮಾಡಿ ಹೇಳಿದ್ದಾರೆ, ಅದನ್ನು ಯಾರೂ ಅಲ್ಲಗಳೆದಿಲ್ಲ. ಆದ್ದರಿಂದ ಅರ್ಜಿ ಪುರಸ್ಕರಿಸಲಾಗಿದೆ. ಮತ್ತೆ ಗೆದ್ದಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ವಾರವೇ ರಜೆ ಹಾಕಿ, ಮಧ್ಯಾಹ್ನದ ಬಿಡುವಿನಲ್ಲಿ ಅವಳು ನಮ್ಮ ಸ್ಟಾಫ್‌ರೂಮಿಗೆ ಬಂದಳು. ಆದೇಶದ ಪ್ರತಿ ಕೈಯಲ್ಲಿತ್ತು. ಕೂಗಾಡಲಿಲ್ಲ. ಅಕ್ಕ ಎನ್ನಲೂ ಇಲ್ಲ.

"ಮೇಡಂ, ದಿನಾ ಈ ಹೊತ್ತಿಗೆ ನಾನು ಎಲ್ಲಿಗೆ ಓಡ್ತಿದ್ದೆ?"

ನಾನು ಟಿಫನ್ ಬಾಕ್ಸನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಅವರು ಕಾರಣ ಕೊಟ್ರು. ನೀವೂ ಕೊಡಿ."

ಬೆಲ್ ಹೊಡೆಯುವವರೆಗೂ ಕಾದಳು. ನಾನು ಟಿಫನ್ ಬಾಕ್ಸಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತೆ. ಆಮೇಲೂ ನ್ಯಾಯಮಂಡಳಿಗೆ ಹೋಗಿ ಸುಳ್ಳು ಹೇಳಿದ್ದೆನೆಂದು ಬರೆದುಕೊಡಬಹುದಿತ್ತು, ಕೊಡಲಿಲ್ಲ. ಆ ಶಾಲೆಯಲ್ಲೇ ರಿಟೈರಾದೆ. ಅವಳಿಗೆ ಕೊಡುವಂಥ ಕಾರಣ ಇವತ್ತಿಗೂ ನನ್ನ ಹತ್ತಿರ ಇಲ್ಲ.