ಲಾಭ, ಎರಡು, ಮೂರು

ಗಂಗಕ್ಕೋರೇ, ನಾನು ಸುಳ್ಳು ಹೇಳಿದೆ. ಎಂಟು ವರ್ಷಗಳ ಹಿಂದೆ, ಹೂಲಿಯ ನಿಮ್ಮ ಒಂದನೇ ತರಗತಿಯಲ್ಲಿ, ನಿಮ್ಮ ಮುಖ ನೋಡುತ್ತಲೇ — ಇಲ್ಲ, ಇದೂ ಸುಳ್ಳು. ನಾನು ನೆಲ ನೋಡುತ್ತಿದ್ದೆ.

ನಾಲ್ಕು ತಾಲೂಕುಗಳಲ್ಲಿರುವ ನಮ್ಮ ಸಂಸ್ಥೆಯ ಪ್ರಾಥಮಿಕ ಶಾಲೆಗಳಿಗೆಲ್ಲ ಒಂದೇ ಗಣಿತ ಪಠ್ಯಕ್ರಮ ಆರಿಸಬೇಕಿತ್ತು. ಆ ಸಮಿತಿಯಲ್ಲಿ ನಾನೂ ಒಬ್ಬ. ಒಂದು ಕಡೆ ಹೊರಗಿನಿಂದ ತರಿಸಿದ ಬಣ್ಣದ ಪುಸ್ತಕ. ಇನ್ನೊಂದು ಕಡೆ ನೀವು ವರ್ಷಗಟ್ಟಲೆ ಕೂತು ಕಟ್ಟಿದ ಪಾಠಗಳು — ಒಂದು ಸೇರು, ಒಂದು ಬುಟ್ಟಿ ಜೋಳ, ಅಳೆಯುತ್ತಲೇ ಕೂಡಿಸುವುದು, ಅಳೆಯುತ್ತಲೇ ಕಳೆಯುವುದು. ಸಮಿತಿ ನಿಮ್ಮ ತರಗತಿಗೆ ಬಂದ ದಿನ ನಾವು ಕೇಳಿದ ಲೆಕ್ಕಕ್ಕೆಲ್ಲ ನಿಮ್ಮ ಮಕ್ಕಳು ಪಟಪಟ ಉತ್ತರ ಕೊಟ್ಟರು. ನಿಮ್ಮದೇ ಇರಲಿ ಎಂದು ನನ್ನ ಹಾಳೆಯಲ್ಲಿ ಬರೆದೂ ಆಗಿತ್ತು.

ಕೊನೆಗೆ ಕಾವೇರಿ ಎಂಬ ಹುಡುಗಿ ಸೇರು ಹಿಡಿದು ಜೋಳ ಅಳೆಯತೊಡಗಿದಳು. "ಲಾಭ, ಎರಡು, ಮೂರು, ನಾಕು..."

ಸಮಿತಿಯ ಅಧ್ಯಕ್ಷರು ಕೈ ಎತ್ತಿ ಅವಳನ್ನು ನಿಲ್ಲಿಸಿದರು. ಅವರು ಈ ಕಡೆಯವರಲ್ಲ. ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು, ಕಾಳು ಹೆಚ್ಚಲಿ ಎಂದು ಹಾಗೆ ಶುರು ಮಾಡುವುದು, ಅವರಿಗೆ ಗೊತ್ತಿರಲಿಲ್ಲ. ನೀವು ತಾಳ್ಮೆಯಿಂದ ತಿಳಿಸಿ ಹೇಳಿದಿರಿ. ಒಂದು ಎನ್ನುವುದನ್ನೂ ಮಕ್ಕಳು ಬಲ್ಲರು ಎಂದಿರಿ. ಅವರು ನಕ್ಕುಬಿಟ್ಟರು. ಆಗ ನೀವು ನನ್ನ ಕಡೆ ತಿರುಗಿದಿರಿ.

"ಸರ್, ನೀವೂ ಒಕ್ಕಲುತನದ ಮನಿಯವ್ರು. ನಿಮ್ಮ ಕಣದಾಗ ಹೆಂಗ ಎಣಸ್ತಾರ, ನೀವ ಹೇಳ್ರಿ."

ನಮ್ಮ ಕಣದಲ್ಲಿ ಬಾಯಿ ತಪ್ಪಿ ಒಂದು ಎಂದರೆ ಅಪ್ಪ ಸೇರನ್ನು ರಾಶಿಗೆ ಸುರಿದು ಮತ್ತೆ ಮೊದಲಿನಿಂದ ಅಳೆಯಲು ಹಚ್ಚುತ್ತಿದ್ದ. ಅದೆಲ್ಲ ಆ ಕ್ಷಣ ನೆನಪಾಯಿತು. ಆದರೆ ಅಧ್ಯಕ್ಷರ ನಗು ಇನ್ನೂ ಮುಗಿದಿರಲಿಲ್ಲ — ಅದು ನನ್ನ ಕಡೆಗೂ ತಿರುಗಿದರೆ...

"ನಮ್ಮಲ್ಲಿ ಒಂದು ಅಂತನ ಎಣಸ್ತಾರ್ರಿ," ಎಂದೆ. "ಈ ಹುಡುಗಿಗೆ ತಪ್ಪು ಕಲಿಸ್ಯಾರ."

ನೀವು ಕಾವೇರಿಯ ಕೈಯಿಂದ ಸೇರು ಇಸಿದುಕೊಂಡು ಮೂಲೆಯಲ್ಲಿ ಬೋರಲು ಹಾಕಿದಿರಿ. ಎಲ್ಲ ಶಾಲೆಗಳಿಗೂ ಬಣ್ಣದ ಪುಸ್ತಕ ಬಂತು. ಆ ವರ್ಷ ಮುಗಿಯುವಷ್ಟರಲ್ಲಿ ನೀವು ಕೆಲಸ ಬಿಟ್ಟಿರಿ. ಎಣಿಸುವಾಗ ಲಾಭ ಎಂದ ಮಗುವನ್ನು ಅಲ್ಲೇ ತಡೆಯಬೇಕು ಎಂದು ಶಿಕ್ಷಕರಿಗೆ ಸೂಚನೆ ಬರೆದವನೂ ನಾನೇ.

ಮುಂದಿನದನ್ನು ಯಾರಿಗೂ ಹೇಳಿಲ್ಲ.

ಪುಸ್ತಕದ ಪಾಠ ಹೇಗೆ ನಡೆದಿದೆ ಎಂದು ನೋಡಲು ಸಾಲಹಳ್ಳಿಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಮೂವತ್ತು ಮಕ್ಕಳು ಎದ್ದು ನಿಂತರು, ಬಾಯಿ ತೆರೆದರು — ಒಂದು ಉಸಿರಿನಷ್ಟು ಹೊತ್ತು ಸದ್ದೇ ಇಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ, "ಎರಡು, ಮೂರು." ಮಾಸ್ತರನ್ನು ಬೈದೆ. ಆತ ಗಾಬರಿಯಾಗಿ ನನ್ನ ಮುಖ ನೋಡಿದ. "ಮೊದಲಿಂದ ಸರಿ ಎಣಸಿದ್ರಲ್ರಿ ಸರ್."

ಬೈಲಹೊಂಗಲಕ್ಕೆ ಮರಳಿ ಕಿವಿ ತೋರಿಸಿದೆ. ಡಾಕ್ಟರು ಏನೂ ಆಗಿಲ್ಲ ಎಂದರು.

ಕಿತ್ತೂರಿನಲ್ಲೂ ಹಾಗೇ ಆಯಿತು. ಹೆದ್ದಾರಿ ಪಕ್ಕದ ಶಾಲೆ; ಕಣ ಎಂದರೇನೆಂದೇ ತಿಳಿಯದ ಅಂಗಡಿಕಾರರ ಮಕ್ಕಳು. ಅವರು ಬಾಯಿ ತೆರೆದ ಆ ಗಳಿಗೆಯಲ್ಲಿ ಹೊರಗಿನ ಲಾರಿಗಳ ಸದ್ದು ಕೂಡ ನಿಂತುಹೋಯಿತು. ಮುಂದಿನ ಸಾಲಿನ ಹುಡುಗಿಯನ್ನು ಕರೆದು, ಮೊದಲನೇದು ಯಾಕೆ ಬಿಟ್ಟೆ ಎಂದು ಕೇಳಿದೆ.

"ಬಿಟ್ಟಿಲ್ರಿ ಸರ್. ಅಂದೇನಿ."

"ನನಗ ಕೇಳಸಲಿಲ್ಲಲ್ಲ."

"ನಿಮಗ ಕೇಳಸೂದಿಲ್ರಿ," ಎಂದಳು. ಹೆದರಿಕೆ ಇಲ್ಲ, ತುಂಟತನವೂ ಇಲ್ಲ. ಸುಮ್ಮನೆ ಹೇಳಿದಳು, ಹೋಗಿ ತನ್ನ ಜಾಗದಲ್ಲಿ ಕೂತಳು.

ಅಂದಿನಿಂದ ಯಾವ ತರಗತಿಗೂ ಕಾಲಿಟ್ಟಿಲ್ಲ. ನಿವೃತ್ತಿಯಾಯಿತು, ಪಾರಾದೆ ಎಂದುಕೊಂಡೆ. ಹೋದ ವಾರ ಮನೆಯ ಪಡಸಾಲೆಯಲ್ಲಿ ನನ್ನ ಮೊಮ್ಮಗಳು ಬಟ್ಟಲಿನಿಂದ ಡಬ್ಬಿಗೆ ಜೋಳ ತುಂಬುತ್ತಿದ್ದಳು. ನಾಲ್ಕು ವರ್ಷದ ಕೂಸು, ಇನ್ನೂ ಶಾಲೆಗೆ ಹಾಕಿಲ್ಲ. ನಮ್ಮ ಹೊಲದ ರಾಶಿಯನ್ನು ಯಂತ್ರ ಮಾಡುತ್ತದೆ. ಸೇರಿನಿಂದ ಅಳೆಯುವುದನ್ನು ಅವಳು ಎಂದೂ ಕಂಡಿಲ್ಲ. ಮೊದಲ ಬಟ್ಟಲು ಸುರಿದಳು. ಏನೂ ಕೇಳಿಸಲಿಲ್ಲ. ಎರಡನೆಯದಕ್ಕೆ ಸ್ಪಷ್ಟವಾಗಿ ಎರಡು ಎಂದಳು.

ಇನ್ನೊಮ್ಮೆ ಎಣಿಸು ಎಂದು ಎದುರಿಗೆ ಕೂತು ಅವಳ ಬಾಯಿಯನ್ನೇ ನೋಡಿದೆ. ಅಕ್ಕೋರೇ, ಒಂದು ಎನ್ನಲು ತುಟಿ ಕೂಡಿಸಬೇಕಾಗಿಲ್ಲ. ಅವಳ ತುಟಿಗಳು ಕೂಡಿ ಬಿಚ್ಚಿದವು. ಲಾಭ ಎಂಬ ಮಾತನ್ನು ಅವಳಿಗೆ ಯಾರು ಕಲಿಸಿದರು — ಸೊಸೆಯನ್ನು ಕೇಳಿದೆ, ಹೆಂಡತಿಯನ್ನು ಕೇಳಿದೆ. ಯಾರೂ ಕಲಿಸಿಲ್ಲ. ಮಗು ನನ್ನನ್ನೇ ನೋಡುತ್ತ ಬಟ್ಟಲನ್ನು ನನ್ನ ಕೈಗೆ ಕೊಟ್ಟಿತು. "ಅಜ್ಜಾ, ಈಗ ನೀ ಎಣಸು." ಜೋಳ ಸುರಿದೆ. ಒಂದು ಎನ್ನಲು ಬಾಯಿ ತೆರೆದೆ. ದನಿ ಬರಲಿಲ್ಲ.

ನನಗೆ ತುಂಬ ಭಯವಾಗಿದೆ. ಆದರೆ ಭಯಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಿಮ್ಮ ಪಾಠಗಳಿಂದ ಲೆಕ್ಕ ಕಲಿಯಬಹುದಾಗಿದ್ದ, ಈ ಎಂಟು ವರ್ಷಗಳಲ್ಲಿ ಶಾಲೆಗೆ ಬಂದುಹೋದ ಮಕ್ಕಳನ್ನು ನಾನು ಮರಳಿ ತರಲಾರೆ. ಅಂದು ತಲೆ ತಗ್ಗಿಸಿದ ಕಾವೇರಿ ಈಗ ದೊಡ್ಡವಳಾಗಿರಬೇಕು. ಅವಳು ಹೇಳಿದ್ದು ಸರಿ ಇತ್ತು ಎಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ. ನಾಳೆ ಹೂಲಿಗೆ ಬರುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ನಿಂತೇ ಹೇಳುತ್ತೇನೆ, ಓಣಿಯವರು ಕೇಳಲಿ. ನೀವು ಅಂದು ಒಂದು ಪ್ರಶ್ನೆ ಕೇಳಿದ್ದಿರಿ.

ನಮ್ಮ ಕಣದಾಗೂ ಲಾಭ ಅಂತನ ಎಣಸ್ತಾರ್ರಿ, ಅಕ್ಕೋರ.