ಹೇಳಿಕೆ ಇಲ್ಲದ ಮನೆ

ಸೇಡು ತೀರಿಸಿಕೊಂಡವರು ಅದನ್ನು ಬರೆಯುವಾಗ ಕೊನೆಯಲ್ಲಿ "ಆಮೇಲೆ ಮನಸ್ಸು ತಿಳಿಯಾಯಿತು, ಕ್ಷಮಿಸಿಬಿಟ್ಟೆ" ಎಂದು ಒಂದು ಸಾಲು ಸೇರಿಸುವುದುಂಟು. ಅಂಥ ಸಾಲು ನನ್ನಲ್ಲಿಲ್ಲ. ಭಾವನ ಮೇಲಿನ ಸಿಟ್ಟನ್ನು ನಾನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಭಾವ ಎಂದರೆ ನನ್ನ ಗಂಡನ ಅಕ್ಕನ ಗಂಡ. ಗಲ್ಫಿನಲ್ಲಿ ಒಳ್ಳೆಯ ಕೆಲಸ, ಅಲ್ಲಿರುವ ನಮ್ಮ ಕಡೆಯವರ ಸಂಘಕ್ಕೆ ಕಾರ್ಯದರ್ಶಿ. ರಜೆಯಲ್ಲಿ ಕಾಪುವಿನ ನಮ್ಮ ಮನೆಗೆ ಬಂದರೆ ಅವರು ಕುರ್ಚಿಯಲ್ಲಿ, ನಾವೆಲ್ಲ ಬಾಗಿಲ ಬಳಿ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಅದನ್ನು ಕನ್ನಡಕ್ಕೆ ತಂದಿದ್ದೇನೆ, ಆದರೆ ಅವರ ಮಾತಿನ ಗತ್ತನ್ನು ಕಡಿಮೆ ಮಾಡಿಲ್ಲ.

ನಾನು ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ. ಮದುವೆಗೆ ಮೊದಲು ಅಲ್ಲಿಯೇ ಟೈಪಿಂಗ್ ಕಲಿತಿದ್ದೆ, ಹಾಗಾಗಿ ಕಂಪ್ಯೂಟರಿನ ಕೀಲಿಗಳು ನನ್ನನ್ನು ಹೆದರಿಸಲಿಲ್ಲ. ಕಾಪುವಿಗೆ ಬಂದ ಮೇಲೆ ಅತ್ತೆಯಿಂದ ರೊಟ್ಟಿ ಮಾಡುವುದನ್ನು ಕಲಿತೆ. ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ ಗರಿಗರಿ ಅಕ್ಕಿ ರೊಟ್ಟಿ, ಜೊತೆಗೆ ಸಾರಿನ ಮಸಾಲೆ ಪುಡಿ. ಎರಡು ಸಾವಿರದ ಇಸವಿಯ ಆಚೀಚೆ ಗಂಡನ ಕೆಲಸ ಹೋದಾಗ ಇದನ್ನೇ ಮಾರುವುದೆಂದು ಹೊರಟೆ. ಊರಿನವರಿಗೆ ನನ್ನ ರೊಟ್ಟಿ ಬೇಕಿರಲಿಲ್ಲ, ಅದು ಯಾವ ಅಂಗಡಿಯಲ್ಲೂ ಸಿಗುತ್ತಿತ್ತು. ಬೇಕಾದದ್ದು ಗಲ್ಫಿನವರಿಗೆ. ರಜೆ ಮುಗಿಸಿ ಹೊರಡುವ ಹಿಂದಿನ ದಿನ ಅವರು ಪೇಟೆಯಿಡೀ ಓಡಾಡಿ ರೊಟ್ಟಿ ಕೊಂಡು, ಬಟ್ಟೆಯ ನಡುವೆ ತುರುಕಿ ಒಯ್ಯುತ್ತಿದ್ದರು. ಅಲ್ಲಿ ಪೆಟ್ಟಿಗೆ ತೆರೆದರೆ ಬರೀ ಪುಡಿ. ಊರಿಗೆ ಬರುವ ಮೊದಲೇ ಅವರನ್ನು ಕೇಳಿ, ಮುರಿಯದ ಹಾಗೆ ಗಟ್ಟಿ ಡಬ್ಬಿಯಲ್ಲಿ ಕಟ್ಟಿ, ಹೊರಡುವ ದಿನ ಮನೆಗೆ ಮುಟ್ಟಿಸಿದರೆ ಹೇಗೆ ಎಂದು ಯೋಚಿಸಿದೆ. ಮೊದಲೇ ಕೇಳಬೇಕಾದರೆ ಮೇಲ್ ಕಳಿಸಬೇಕು.

ವಿಳಾಸಗಳಿಗೆ ಬರಗಾಲವಿರಲಿಲ್ಲ. ಆ ಕಾಲದಲ್ಲಿ ಗಲ್ಫಿನಿಂದ ಬಂದವರೆಲ್ಲ ಕೇಳದಿದ್ದರೂ ವಿಸಿಟಿಂಗ್ ಕಾರ್ಡ್ ಕೊಡುತ್ತಿದ್ದರು. ಭಾವನ ಕಾರ್ಡಿನಲ್ಲಂತೂ ಮೇಲ್ ವಿಳಾಸ ಬಂಗಾರದ ಬಣ್ಣದಲ್ಲಿತ್ತು. ಮಣಿಪಾಲದ ಒಂದು ಸೈಬರ್ ಸೆಂಟರಿನಲ್ಲಿ, ವಿದ್ಯಾರ್ಥಿಗಳ ನಡುವೆ ಕುಳಿತು, ಟೈಪಿಂಗ್ ಪರೀಕ್ಷೆಗೆ ಕಲಿತ ವ್ಯಾಪಾರಿ ಪತ್ರದ ಮಾದರಿಯಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಮಾನ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಎಂಬ ಧಾಟಿ. ವಿಳಾಸಗಳನ್ನೆಲ್ಲ ಎಲ್ಲರಿಗೂ ಕಾಣುವ ಹಾಗೆ ಒಂದೇ ಸಾಲಿನಲ್ಲಿ ಹಾಕಿ ಕಳಿಸಿದೆ. ಯಾರಿಗೂ ಕಾಣದಂತೆ ಹಾಕುವ ಇನ್ನೊಂದು ಸಾಲಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಭಾವನ ಉತ್ತರ ಬಂದಿತ್ತು. ನನಗೊಬ್ಬಳಿಗೆ ಅಲ್ಲ, ರಿಪ್ಲೈ ಆಲ್ ಒತ್ತಿ ಎಲ್ಲರಿಗೂ. "ಇಂಥ ಕಸವನ್ನು ದಯವಿಟ್ಟು ನನಗೆ ಕಳಿಸಬೇಡಿ. ವ್ಯಾಪಾರಕ್ಕಿಳಿಯುವ ಮೊದಲು ನಾಲ್ಕು ಸಾಲು ಇಂಗ್ಲಿಷ್ ಕಲಿತುಕೊಳ್ಳಿ. ರೊಟ್ಟಿ ತಟ್ಟುವವರು ರೊಟ್ಟಿ ತಟ್ಟಿಕೊಂಡಿದ್ದರೆ ಚಂದ." ಅದರ ಕೆಳಗೆ ಒಬ್ಬ ನಗು ಬರೆದಿದ್ದ. ಇನ್ನೊಬ್ಬ ಸರಿಯಾಗಿ ಹೇಳಿದಿರಿ ಎಂದಿದ್ದ. ನಮ್ಮ ರೊಟ್ಟಿಯನ್ನು ತಟ್ಟುವುದಿಲ್ಲ, ಕಾವಲಿಯ ಮೇಲೆ ಹಿಟ್ಟು ಹರಡಿ ಎಬ್ಬಿಸಿ ತೆಗೆಯುವುದು. ಅತ್ತೆಮನೆಯಲ್ಲಿ ಅಷ್ಟು ವರ್ಷ ತಿಂದ ಮನುಷ್ಯನಿಗೆ ಅದೂ ಗೊತ್ತಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ತೋರಿಸಿದೆ. "ಬಿಡು ಮಾರಾಯ್ತಿ, ಅವರದ್ದು ಸ್ವಭಾವವೇ ಹಾಗೆ" ಎಂದರು. ಅತ್ತೆ ಕೇಳಿಸಿಕೊಂಡು ಒಲೆಯ ಕಡೆ ತಿರುಗಿದರು. ಅಳಿಯನಿಗೆ ಎದುರಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಆಮೇಲೆ ಶುರುವಾಯಿತು ಹೆದರಿಕೆ. ಮಣಿಪಾಲಕ್ಕೆ ಬಸ್ಸು ಹತ್ತುವಾಗ ಧೈರ್ಯ ಇರುತ್ತಿತ್ತು. ಟೈಪ್ ಮಾಡುವಾಗಲೂ ಇರುತ್ತಿತ್ತು. ಕಳಿಸುವ ಗುಂಡಿಯ ಹತ್ತಿರ ಬಾಣದ ಗುರುತು ಹೋದದ್ದೇ ತಡ, ಕೈ ಅಲ್ಲಿಯೇ ನಿಲ್ಲುತ್ತಿತ್ತು. ಆ ಸಾಲಿನಲ್ಲಿರುವ ಎಲ್ಲರೂ ನನ್ನ ಇಂಗ್ಲಿಷ್ ಓದಿ ನಗುತ್ತಿರುವಂತೆ ಕಾಣುತ್ತಿತ್ತು. ಬರೆದದ್ದನ್ನು ಅಳಿಸಿ ಎದ್ದು ಬರುತ್ತಿದ್ದೆ. ಸೈಬರಿನ ಯಜಮಾನರು ಹುಬ್ಬಳ್ಳಿ ಕಡೆಯಿಂದ ಬಂದು ಪರ್ಕಳದಲ್ಲಿ ಕೋಣೆ ಹಿಡಿದಿದ್ದವರು. "ಇವತ್ತೂ ಕಳಿಸ್ಲಿಲ್ಲೇನ್ರೀ ಅಕ್ಕಾರ?" ಎಂದು ಕೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೂ ಅವರ ಮೇಲೆ ಸಿಟ್ಟು ಬರುತ್ತಿತ್ತು. ಆ ವರ್ಷದ ರಜೆಯಲ್ಲಿ ಬಂದವರೆಲ್ಲ ರೊಟ್ಟಿಯನ್ನು ಅಂಗಡಿಯಲ್ಲಿ ಕೊಂಡು, ಬಟ್ಟೆಯ ನಡುವೆ ತುರುಕಿಕೊಂಡೇ ಹೋದರು. ಇನ್ನೊಂದು ವರ್ಷ ಹೀಗಾದರೆ ಒಲೆ ಆರಿಸಬೇಕಿತ್ತು.

ನನ್ನನ್ನು ಎಬ್ಬಿಸಿದ್ದು ಮೈದುನನ ಮದುವೆ. ನಮ್ಮಲ್ಲಿ ಮದುವೆಯ ಕಾಗದ ಅಂಚೆಯಲ್ಲಿ ಹೋದರೆ ಅದು ಲೆಕ್ಕಕ್ಕಿಲ್ಲ. ಮನೆಯವರು ಮನೆಮನೆಗೆ ಹೋಗಿ ಬಾಯಾರೆ ಕರೆಯಬೇಕು. ಅದಕ್ಕೆ ಹೇಳಿಕೆ ಎನ್ನುತ್ತೇವೆ. ಹೇಳಿಕೆ ಆಗದ ಮನೆಯವರು, ಪಕ್ಕದ ಗೋಡೆಯಾಚೆಯವರಾದರೂ, ಮದುವೆಗೆ ಬರುವುದಿಲ್ಲ. ಬಾಡಿಗೆ ಕಾರಿನಲ್ಲಿ ಅತ್ತೆಯೂ ನಾನೂ ಹೆಜಮಾಡಿಯಿಂದ ಪಡುಬಿದ್ರಿ, ಅಲ್ಲಿಂದ ಕಾರ್ಕಳದ ಕಡೆ ಎಂದು ತಿರುಗಿದೆವು.

ಅತ್ತೆ ಯಾವ ಮನೆಯಲ್ಲೂ ಹೋದ ಕೂಡಲೇ ವಿಷಯ ಎತ್ತಲಿಲ್ಲ. ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲ ನೀರು ಕುಡಿದು, "ನಿನ್ನ ಕಾಲುನೋವು ಈಗ ಹೇಗುಂಟು?", "ಮಗಳಿಗೆ ಎಂತ ಮಗು?" ಎಂದು ಕೇಳುತ್ತಿದ್ದರು. ಕಾಪುವಿನ ಸುದ್ದಿ ನಾಲ್ಕು ಹೇಳುತ್ತಿದ್ದರು. ಏಳುವ ಹೊತ್ತಿಗೆ, ಸೆರಗು ಸರಿಮಾಡಿಕೊಳ್ಳುತ್ತಾ, "ಸಣ್ಣವನ ಮದುವೆ ಉಂಟು. ಮನೆಯವರೆಲ್ಲ ಬರ್ಬೇಕು" ಎಂದು ಒಂದೇ ಮಾತು. ಬಾಗಿಲು ಹಾಕಿದ ಮನೆಗಳೂ ಸಿಕ್ಕಿದವು. ಅಲ್ಲಿ ಅವರು ಬೇಸರಪಟ್ಟುಕೊಂಡು ನಿಲ್ಲಲಿಲ್ಲ. ಕಾಗದವನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ, ಇನ್ನೊಮ್ಮೆ ಬರುವ ಎಂದು ಮುಂದಿನ ಮನೆಗೆ ನಡೆದರು.

ಪಡುಬಿದ್ರಿಯಲ್ಲಿ ಒಂದು ದೊಡ್ಡ ಮನೆಯ ಗೇಟಿನೆದುರು ಅತ್ತೆ ಕಾರನ್ನು ನಿಧಾನ ಮಾಡಿಸಿದರು. ಜಗಲಿಯಲ್ಲಿದ್ದ ಹೆಂಗಸು ನಮ್ಮನ್ನು ಕಂಡು, ನೀರು ತರಲಿಕ್ಕೋ ಏನೋ, ಎದ್ದು ಒಳಗೆ ಹೋದಳು. ಅತ್ತೆ ಕೂಡಲೇ ಡ್ರೈವರನಿಗೆ, "ಹೋಗುವ" ಎಂದರು. ಕಾರು ಪಕ್ಕದ ಮನೆಯ ಅಂಗಳಕ್ಕೆ ತಿರುಗಿತು.

ಯಾಕೆಂದು ಕೇಳಿದೆ.

"ನಿನ್ನ ಮಾವ ತೀರಿಹೋದಾಗ ಅವಳು ಒಂದು ಮಾತು ಆಡಿದ್ದಾಳೆ" ಎಂದರು. ಯಾವ ಮಾತು ಎಂದು ಹೇಳಲಿಲ್ಲ. "ಜಗಳ ಮಾಡಿದ್ರೆ ಅವಳಿಗೂ ನಾಲ್ಕು ಮಾತಾಡ್ಲಿಕ್ಕೆ ಆಗ್ತದೆ. ಇದಕ್ಕೆ ಎಂತ ಮಾತಾಡುದು ಅವಳು?"

ಇಷ್ಟು ಹೇಳಿ, ನನ್ನ ಮುಖವನ್ನು ಒಮ್ಮೆ ನೋಡಿ, ಕಿಟಕಿಯ ಕಡೆಗೆ ತಿರುಗಿದರು. ನನ್ನ ಸಿಟ್ಟಿಗೆ ಆ ದಿನ ದಾರಿ ಸಿಕ್ಕಿತು.

ಮದುವೆ ಮುಗಿದ ವಾರ ಮಣಿಪಾಲಕ್ಕೆ ಹೋದೆ. ಮಾನ್ಯರೇ ಎಂಬುದನ್ನು ಬಿಟ್ಟೆ. ಇಂಗ್ಲಿಷನ್ನೂ ಬಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದೆ, ಒಬ್ಬೊಬ್ಬರಿಗೆ ಬೇರೆ ಬೇರೆ. ಮೊದಲನೆಯದು ಪಡುಬಿದ್ರಿಯಿಂದ ಹೋಗಿ ಗಲ್ಫಿನಲ್ಲಿ ನರ್ಸ್ ಆಗಿದ್ದ ಒಬ್ಬ ಅಕ್ಕನಿಗೆ. ನಿಮ್ಮ ತಾಯಿಯನ್ನು ಮೊನ್ನೆ ಮದುವೆಯಲ್ಲಿ ಕಂಡೆ, ಎರಡು ಸಲ ಪಾಯಸ ಹಾಕಿಸಿಕೊಂಡರು, ಸಕ್ಕರೆ ಕಾಯಿಲೆಯ ವಿಷಯ ನಾನು ನೆನಪಿಸಲಿಲ್ಲ. ಕಾಪುವಿನಲ್ಲಿ ಈಗ ಬಂಗುಡೆ ಧಾರಾಳ. ರಜೆಗೆ ಬರುವಾಗ ತಿಳಿಸಿ, ರೊಟ್ಟಿ ಕಟ್ಟಿ ಇಡುತ್ತೇನೆ. ಇಷ್ಟೇ. ಗುಂಡಿಯ ಹತ್ತಿರ ಕೈ ಮತ್ತೆ ನಿಂತಿತು. ಜಗಲಿ ಹತ್ತಿ ಆಗಿದೆ, ನೀರೂ ಕುಡಿದಾಗಿದೆ, ಈಗ ಹೇಳದೆ ಎದ್ದು ಬಂದರೆ ಮರ್ಯಾದೆಯೇ ಎಂದು ನನ್ನನ್ನೇ ಗದರಿಸಿಕೊಂಡು ಒತ್ತಿದೆ.

ಆ ಅಕ್ಕನ ಉತ್ತರ ನಾನು ಬರೆದದ್ದಕ್ಕಿಂತ ಉದ್ದವಾಗಿತ್ತು. ಅಮ್ಮ ಯಾವ ಸೀರೆ ಉಟ್ಟಿದ್ದರು ಎಂದು ಕೇಳಿದ್ದಳು. ರೊಟ್ಟಿಯ ವಿಷಯ ಕೊನೆಯ ಸಾಲಿನಲ್ಲಿತ್ತು, ನನಗೂ ನನ್ನ ತಂಗಿಗೂ ಎಂದು.

ಎರಡು ಮೂರು ವರ್ಷದಲ್ಲಿ ನನ್ನ ಮೇಲ್ ಗಲ್ಫಿನ ನಮ್ಮವರ ನಡುವೆ ಹಬ್ಬಿತು. ಆ ಹೊತ್ತಿಗೆ ವಿಳಾಸಗಳನ್ನು ಕಾಣದ ಹಾಗೆ ಹಾಕಲು ಕಲಿತಿದ್ದೆ. ನಮ್ಮನ್ನೂ ಸೇರಿಸಿ ಎಂದು ಗುರುತಿಲ್ಲದವರು ಬರೆದರು. ಕೆಲವರು ಸಾಕು, ಇನ್ನು ಬೇಡ ಎಂದರು. ಬಾಗಿಲು ಹಾಕಿದ ಮನೆ ಎಂದುಕೊಂಡು ತೆಗೆದೆ, ಒಂದು ಹೊತ್ತಿನ ನಿದ್ದೆಯೂ ಕೆಡಲಿಲ್ಲ. ಉತ್ತರ ಬರೆದವರಿಗೆಲ್ಲ ಮರು ಉತ್ತರ ಬರೆದೆ, ಅವರ ಮಕ್ಕಳ ಪರೀಕ್ಷೆ, ಬಾಣಂತನ ನೆನಪಿಟ್ಟು ಮುಂದಿನ ಸಲ ಕೇಳಿದೆ. ರೊಟ್ಟಿಯ ಒಲೆ ಒಂದಿದ್ದದ್ದು ಸಾಲದೆ ಇನ್ನೊಂದು ಹಾಕಿಸಿದೆ.

ಭಾವನ ವಿಳಾಸವನ್ನು ಮಾತ್ರ ಸೇರಿಸಲಿಲ್ಲ. ಗಲ್ಫಿನಲ್ಲಿ ಅವರಿದ್ದ ಕಟ್ಟಡದ ಕೆಳಗಿನ ಮನೆಗೆ ನನ್ನ ಮೇಲ್ ಹೋಗುತ್ತಿತ್ತು, ಮೇಲಿನ ಮನೆಗೆ ಹೋಗುತ್ತಿತ್ತು, ಅವರ ಕಂಪೆನಿಯ ಡ್ರೈವರನಿಗೂ ಹೋಗುತ್ತಿತ್ತು. ಹಿಂದೆ ನಗು ಬರೆದಿದ್ದವನಿಗೂ ಕಳಿಸಿದೆ, ಬೇಕೆಂದೇ. ಊರಿನ ಸುದ್ದಿಗೆ ಭಾವನ ಬಳಿ ಬರುತ್ತಿದ್ದವರು ಈಗ ಭಾವನಿಗೇ ಸುದ್ದಿ ಹೇಳತೊಡಗಿದ್ದರು. ಪ್ರತಿ ಸಲ ಕಳಿಸುವ ಗುಂಡಿ ಒತ್ತುವಾಗ ಆ ಗೇಟಿನೆದುರು ಕಾರು ನಿಧಾನವಾಗಿ ಹೋದದ್ದು ನನ್ನ ಕಣ್ಣಿಗೆ ಕಟ್ಟುತ್ತಿತ್ತು, ಮೈ ತಂಪಾಗುತ್ತಿತ್ತು. ಹೆದರಿಕೆ ಹೋದದ್ದು ಧೈರ್ಯದಿಂದಲ್ಲ, ಈ ಸುಖದಿಂದ.

ಒಂದು ರಜೆಯಲ್ಲಿ ಬಂದ ಭಾವ ಕುರ್ಚಿಯಲ್ಲಿ ಕುಳಿತು, ಕಾಫಿ ಕುಡಿಯುತ್ತಾ, ಗೋಡೆಗೆ ಹೇಳುವಂತೆ ಹೇಳಿದರು. "ಎಲ್ಲರಿಗೂ ಎಂತದ್ದೋ ಮೇಲ್ ಬರ್ತದಂತೆ. ನಮ್ಮದರಲ್ಲಿ ಏನೋ ತೊಂದರೆ ಉಂಟು ಕಾಣ್ತದೆ."

"ತೊಂದರೆ ಎಂತ ಇಲ್ಲ ಭಾವ" ಎಂದೆ. "ಬೇಡ ಅಂತ ನೀವೇ ಬರೆದದ್ದಲ್ವಾ. ದೊಡ್ಡವರ ಮಾತು ಮೀರ್ಲಿಕ್ಕೆ ಆಗ್ತದಾ?"

ಅತ್ತೆ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು. ಭಾವ ಲೋಟ ಕೆಳಗಿಟ್ಟು ಪೇಪರ್ ಬಿಡಿಸಿದರು. ಅಷ್ಟು ರುಚಿಯಾದ ಕಾಫಿಯನ್ನು ನಾನು ಆ ಮನೆಯಲ್ಲಿ ಕುಡಿದಿರಲಿಲ್ಲ.

ಮರುದಿನ ಹಿತ್ತಿಲಲ್ಲಿ ಅತ್ತಿಗೆ, ಅಂದರೆ ಭಾವನ ಹೆಂಡತಿ, ನನ್ನ ಪಕ್ಕ ಬಂದು ನಿಂತರು. ಕಡಿಮೆ ಮಾತಿನವರು. "ಕೆಳಗಿನ ಮನೆಯವಳು ನಿನ್ನ ಮೇಲ್ ಓದಿ ಹೇಳ್ತಾಳೆ" ಎಂದರು. "ನನ್ನ ತಾಯಿಮನೆಯ ಸುದ್ದಿ ನಾನು ಅವಳ ಬಾಯಲ್ಲಿ ಕೇಳುದು. ನನಗೆ ಒಂದು ಬೇರೆ ವಿಳಾಸ ಮಾಡಿಕೊಡ್ತೀಯಾ? ಇವರು ಕೆಲಸಕ್ಕೆ ಹೋದ ಮೇಲೆ ನೋಡ್ತೇನೆ, ಇವರಿಗೆ ಗೊತ್ತಾಗುದು ಬೇಡ."

ಭಾವನ ಮನೆಯನ್ನು ಹೇಳಿಕೆಯಿಲ್ಲದೆ ಬಿಟ್ಟಾಗ ಅದರೊಳಗೆ ಅತ್ತಿಗೆಯೂ ಇದ್ದಾರೆಂದು ನಾನು ಯೋಚಿಸಿರಲಿಲ್ಲ. ಉಡುಪಿಯಲ್ಲಿ ರವಕೆ ಕಣ ನೋಡಲಿಕ್ಕಿದೆ ಎಂದು ಮನೆಯಲ್ಲಿ ಹೇಳಿ ಇಬ್ಬರೂ ಬಸ್ಸು ಹತ್ತಿದೆವು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹಿಡಿದೆವು. ಸೈಬರಿನಲ್ಲಿ ಅವರಿಗೆ ವಿಳಾಸ ಮಾಡಿಕೊಟ್ಟೆ. ಮೊದಲ ಮೇಲನ್ನು ನನಗೇ ಬರೆಯಿರಿ ಎಂದೆ. ಒಂದೊಂದೇ ಅಕ್ಷರ ಹುಡುಕಿ ಬರೆದರು. ಬರೆದ ಮೇಲೆ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು.

"ತಪ್ಪಿದ್ರೆ?" ಎಂದರು.

"ತಪ್ಪಿದ್ರೆ ಎಂತ ಅತ್ತಿಗೆ? ನಾನೇ ಅಲ್ವಾ ಓದುದು."

"ನಾನು ಬಾಯಿ ಬಿಟ್ರೆ ಸಾಕು, ಇವರು ನಾಲ್ಕು ಜನರ ಎದುರು ತಪ್ಪು ತೋರಿಸ್ತಾರೆ. ಸಂಘದವರು ಬಂದ್ರೆ ನಾನು ಚಾ ಇಟ್ಟು ಒಳಗೆ ಹೋಗುದು. ಮಾತು ಮರೆತೇ ಹೋಗಿದೆ ನನಗೆ."

ಭಾವನಿಂದ ನನಗೆ ಒಂದು ಸಲ ಬಂದಂಥ ಮೇಲ್ ಅವರಿಗೆ ಇಪ್ಪತ್ತು ವರ್ಷದಿಂದ ಪ್ರತಿದಿನ ಬಾಯಿಮಾತಿನಲ್ಲಿ ಬರುತ್ತಿತ್ತು. ನನ್ನ ಸಿಟ್ಟು ಅಲ್ಲಿಯವರೆಗೆ ನನ್ನದೊಂದೇ ಆಗಿತ್ತು, ಆ ದಿನ ಇಬ್ಬರದ್ದಾಗಿ ಬೆಳೆಯಿತು. ಅವರ ಕೈಯನ್ನು ನಾನು ಮುಟ್ಟಲಿಲ್ಲ, ಅವರೇ ಒತ್ತಬೇಕೆಂದು ಕಾದೆ. ತುಂಬ ಹೊತ್ತು ಹಿಡಿಯಿತು. ಒತ್ತಿದರು.

ಆಮೇಲೆ ಅವರಿಗೆ ಎಲ್ಲರಿಗಿಂತ ಮೊದಲು ಕಳಿಸುತ್ತಿದ್ದೆ, ಇತರರಿಗೆ ಬರೆಯದ್ದನ್ನೂ ಬರೆಯುತ್ತಿದ್ದೆ. ಹೆದ್ದಾರಿ ಅಗಲ ಮಾಡುತ್ತಾರೆಂಬ ಸುದ್ದಿ ಹಬ್ಬಿದ್ದ ಕಾಲವದು. ಗಲ್ಫಿನವರಲ್ಲಿ ಹಲವರಿಗೆ ರಸ್ತೆ ಬದಿಯಲ್ಲಿ ಕಟ್ಟಡಗಳಿದ್ದವು. ಕಾಪುವಿನಲ್ಲಿ ಎಲ್ಲಿಯವರೆಗೆ ಜಾಗ ಹೋಗುತ್ತದೆಂದು ತೋರಿಸುವ ಗುರುತಿನ ಕಲ್ಲು ಹಾಕಿದ ದಿನವೇ ನಾನು ರಸ್ತೆಯುದ್ದಕ್ಕೂ ನಡೆದು ನೋಡಿ ಅತ್ತಿಗೆಗೆ ಬರೆದೆ, ಉಳಿದವರಿಗೆ ವಾರ ಕಳೆದು ಬರೆಯುವುದೆಂದು ಇಟ್ಟುಕೊಂಡೆ.

ಗಲ್ಫಿನಲ್ಲಿ ರಜೆಯ ದಿನವಾದ ಶುಕ್ರವಾರದ ಮರುದಿನ ಅವರ ಉತ್ತರ ಬಂತು.

"ನಿನ್ನೆ ಸಂಘದವರು ನಮ್ಮ ಮನೆಯಲ್ಲಿ ಸೇರಿದ್ದರು. ಕಲ್ಲು ಹಾಕಿದ್ದಾರಾ ಅಂತ ಒಬ್ಬರು ಕೇಳಿದರು. ಅಂಥದ್ದು ಎಂತ ಇಲ್ಲ, ಇದ್ದರೆ ನನಗೆ ಗೊತ್ತಾಗುತ್ತಿತ್ತು ಅಂತ ಇವರು ಹೇಳಿದರು. ನಾನು ಚಾ ತಂದವಳು ಒಳಗೆ ಹೋಗಲಿಲ್ಲ. ಹಾಕಿ ಆಗಿದೆ, ಇವರಿಗೆ ಗೊತ್ತಿಲ್ಲ ಅಂದೆ. ಎಲ್ಲಿಂದ ಎಲ್ಲಿಯವರೆಗೆ, ಯಾರ ಯಾರ ಕಟ್ಟಡ ಅಂತ ನೀನು ಬರೆದ ಹಾಗೆಯೇ ಹೇಳಿದೆ. ಎಲ್ಲರೂ ಇವರನ್ನು ಬಿಟ್ಟು ನನ್ನ ಕಡೆ ತಿರುಗಿ ಕೂತರು. ಅವರು ಹೋದ ಮೇಲೆ ಇವರು ಕೇಳಿದರು, ನಿನಗೆ ಯಾರು ಹೇಳಿದ್ದು ಅಂತ. ಮತ್ತೆ ಮತ್ತೆ ಕೇಳಿದರು. ನಾನು ಹೇಳಲಿಲ್ಲ ಮಾರಾಯ್ತಿ."